ನಂದೊಂದ ಪಂಪು

ಕಾಲುವೆ ನೀರು ನಿಲ್ಲಲು ಇನ್ನು ಆರೇ ದಿನ ಉಳಿದಿತ್ತು. ತುರ್ವಿಹಾಳದ ಆಚೆ, ಕಾಲುವೆಯ ಕೊನೆಗಿರುವ ಆ ಊರಿನಲ್ಲಿ ಕುಡಿಯುವ ನೀರಿನ ಕೆರೆ ಅರ್ಧ ಮಾತ್ರ ತುಂಬಿತ್ತು. ಈ ಆರು ದಿನದಲ್ಲಿ ತುಂಬಿದರೆ ಮಳೆಗಾಲದವರೆಗೆ ಊರಿಗೆ ಚಿಂತೆಯಿಲ್ಲ. ತುಂಬದಿದ್ದರೆ ಬೇಸಿಗೆ ಪೂರ್ತಿ ಟ್ಯಾಂಕರಿನ ದಾರಿ ಕಾಯಬೇಕು.

ಹಂಪಣ್ಣನಿಗೆ ಈ ಸಲ ಆ ಚಿಂತೆ ಉಳಿದವರಿಗಿಂತ ಹೆಚ್ಚು. ಮಗಳು ಅಶ್ವಿನಿ ಹೆರಿಗೆಗೆ ತವರಿಗೆ ಬಂದಿದ್ದಳು, ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಬಾಣಂತಿ, ಕೂಸು ಇರುವ ಮನೆಯಲ್ಲಿ ನೀರಿಲ್ಲದಿದ್ದರೆ ಹೇಗೆ ಎಂದು ಹೆಂಡತಿ ಶಿವಬಸಮ್ಮ ದಿನಕ್ಕೆ ಎರಡು ಸಲ ಕೇಳುತ್ತಿದ್ದಳು.

ಆ ಬೆಳಿಗ್ಗೆ ಹಂಪಣ್ಣ ಭತ್ತಕ್ಕೆ ಬಿದ್ದ ಜಿಗಿಹುಳಕ್ಕೆ ಎಣ್ಣೆ ಹೊಡೆದ. ಕೀಟನಾಶಕಕ್ಕೆ ಈ ಕಡೆ ಎಣ್ಣೆ ಅಂತಲೇ ಅನ್ನುವುದು. ಹೊಡೆದಾದ ಮೇಲೆ ಬೆನ್ನಿನ ಪಂಪು ಇಳಿಸಿ, ಎಂದಿನಂತೆ ಕಾಲುವೆಗೆ ಇಳಿಯುವ ಪಾವಟಿಗೆಯ ಮೇಲೆ ಕುಳಿತು ಅದರ ಹೊಟ್ಟೆ ತೊಳೆಯತೊಡಗಿದ. ಹಾಲಿನಂಥ ಬಿಳಿ ನೀರು ಕಾಲುವೆಗಿಳಿದು ನಾಲ್ಕು ಮಾರು ಹೋಗುವಷ್ಟರಲ್ಲಿ ಕಾಣದಾಯಿತು.

"ಹಂಪಣ್ಣಾರ, ಏನ್ ಮಾಡಾಕತ್ತೀರಿ?"

ದಂಡೆಯ ಮೇಲೆ ಆಶಾ ಕಾರ್ಯಕರ್ತೆ ಯಂಕಮ್ಮ ನಿಂತಿದ್ದಳು. ಅಶ್ವಿನಿಯನ್ನು ನೋಡಿ ಬರಲು ಹೊರಟವಳು.

"ಕಾಣಂಗಿಲ್ಲೇನ್ ಬೇ? ಪಂಪು ತೊಳಿಯಾಕತ್ತೀನಿ."

"ಈ ನೀರಾ ಅಲ್ರೀ ಕೆರಿಗೆ ಹೋಗೂದು?"

"ಇಷ್ಟು ದೊಡ್ಡ ಕಾಲುವಿಗೆ ನಂದೊಂದ ಪಂಪಿನಿಂದ ಏನಾಕೈತಿ? ಎಲ್ಲೈತಿ ಈಗ ಬಿಳಿ ನೀರು, ತೋರ್ಸು ನೋಡೂಣು."

"ನಿಮ್ಮಂಗ ಎಲ್ಲಾರೂ ತೊಳದ್ರ?"

"ಎಲ್ಲಾರೂ ಎಲ್ಲಿ ತೊಳಿತಾರ?"

"ಅಂದ್ರ, ಉಳಿದೋರು ತೊಳಿಯಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ನೀವು ತೊಳಿಯಾಕತ್ತೀರಿ. ಅವ್ರೂ ಇದಾ ಧೈರ್ಯ ಮಾಡಿದ್ರ?"

ಹಂಪಣ್ಣ ಪಂಪು ಬೋರಲು ಹಾಕಿದ. "ನೀ ಸೂಜಿ, ಗುಳಿಗಿ ನೋಡ್ಕೋ ಹೋಗು ತಾಯಿ. ಒಕ್ಕಲತನ ನನಗ ಬಿಡು."

ಮೂರನೆಯ ದಿನ ನೀರು ಬಿಡುವ ಹುಲಿಗೇಶ ಕೆರೆಯ ಗೇಟು ಇಳಿಸಿಬಿಟ್ಟ. ಗೇಟಿನ ಬಾಯಿಯಲ್ಲಿ ಮೀನು ಸತ್ತು ತೇಲುತ್ತಿದ್ದವು, ಮೂಗು ಮುಚ್ಚಿಕೊಳ್ಳುವಂಥ ಎಣ್ಣೆಯ ವಾಸನೆ. ನೀರನ್ನು ಪರೀಕ್ಷೆಗೆ ಸಿಂಧನೂರಿಗೆ ಕಳಿಸಿದರು. ಅಲ್ಲಿಂದ ಸರಿ ಅಂತ ಬರುವವರೆಗೆ ಕೆರೆಗೆ ಒಂದು ಹನಿಯೂ ಬಿಡುವಂತಿಲ್ಲ.

ಕೆರೆ ದಂಡೆಗೆ ಊರೇ ಬಂದು ನಿಂತಿತು. ಎಲ್ಲರಿಗಿಂತ ದೊಡ್ಡ ದನಿ ಹಂಪಣ್ಣನದು.

"ಯಾವನೋ ಮ್ಯಾಲಿನಾಂವ ಡ್ರಮ್ಮಗಟ್ಟಲೆ ಸುರುವ್ಯಾನ! ಅವನ್ನ ಹಿಡ್ಕೊಂಡಾ ಬರ್ತೀನಿ. ನಡಿಯೋ ಹುಲಿಗೇಶ, ಗಾಡಿ ಹತ್ತು!"

ಹುಲಿಗೇಶನನ್ನು ಹಿಂದೆ ಕೂರಿಸಿಕೊಂಡು ಕಾಲುವೆಯ ದಂಡೆಗುಂಟ ಬೈಕು ಬಿಟ್ಟ. ಮೊದಲ ಸೇತುವೆಯ ಹತ್ತಿರ ಪಂಪಾಪತಿ ಪಂಪು ತೊಳೆಯುತ್ತಿದ್ದ.

"ಒಂದ ಪಂಪು ಮಾವಾ. ಅದಕ್ಕ ಮೀನು ಸಾಯ್ತಾವೇನು?"

ಮುಂದೆ ಹುಸೇನ್‌ಸಾಬ್ ಖಾಲಿ ಬಾಟಲಿ ಜಾಲಾಡಿಸಿ ನೀರಿಗೆ ಒಗೆಯುತ್ತಿದ್ದ. "ಎರಡಾ ಬಾಟ್ಲಿ ಭಾಯಿ. ಹರಿಯೋ ನೀರಾಗ ಏನು ಉಳಿತೈತಿ?"

ಹೀಗೆ ಎರಡು ಮೈಲಿಯಲ್ಲಿ ಏಳು ಮಂದಿ ಸಿಕ್ಕರು. ಡ್ರಮ್ಮಗಟ್ಟಲೆ ಸುರುವಿದವನು ಒಬ್ಬನೂ ಸಿಗಲಿಲ್ಲ.

ಕೊನೆಗೆ ಸಿಕ್ಕವನು ಮುದುಕ ಬಸ್ಸಪ್ಪ. ಹಂಪಣ್ಣ ಗಾಡಿ ಇಳಿಯುವ ಮೊದಲೇ ಜೋರು ಮಾಡಿದ. "ಕುಡಿಯೋ ನೀರು ಅಂಬೋದು ಖಬರಿಲ್ಲೇನು ನಿನಗ? ನನ್ನ ಮಗಳು ಬಸುರದಾಳ ಮನ್ಯಾಗ!"

ಬಸ್ಸಪ್ಪ ಪಂಪಿನ ಮುಚ್ಚಳ ತಿರುವುತ್ತ ಸಾವಕಾಶ ಅಂದ: "ನಿನ್ನ ಪಾವಟಿಗಿ ಮ್ಯಾಲೆ ನೀ ತೊಳಿಯೂದು ನೋಡ್ಕೊಂತ ಬಂದೀನಿ, ಹಂಪಣ್ಣ. ಅಂವ ತೊಳದ್ರ ಏನಾಗಿಲ್ಲ, ನಂದೊಂದಕ್ಕ ಏನಾಕೈತಿ ಅಂದ್ಕೊಂಡ್ನಿ."

ಹಂಪಣ್ಣ ಗಾಡಿಯಿಂದ ಇಳಿಯಲೇ ಇಲ್ಲ. ಬೈಕು ತಿರುಗಿಸಿದ. ಅರ್ಧ ದಾರಿಗೆ ಬಂದಾಗ ಹಿಂದಿನಿಂದ ಹುಲಿಗೇಶ ಕೆಣಕಿದ.

"ಹಿಡಿತೀನಂದಿದ್ರೆಲ್ಲ ಕಾಕಾ, ಸಿಕ್ಕನೇನು?"

"ಸಿಕ್ಯಾನ. ಈ ಗಾಡಿ ನಡಸಾಕತ್ತಾನ."

ಮನೆಗೆ ಬಂದಾಗ ಅಶ್ವಿನಿ ಕಟ್ಟೆಗೆ ಕುಳಿತು ಚರಿಗೆಯಿಂದ ನೀರು ಕುಡಿಯುತ್ತಿದ್ದಳು. ಕುಡಿದು ಸಣ್ಣಗೆ ಉಸಿರು ಬಿಟ್ಟಳು. ಹಂಪಣ್ಣ ಅದನ್ನು ನಿಂತು ನೋಡಿದ. ಕೈಕಾಲು ತೊಳೆಯದೆ ಸೀದಾ ಯಂಕಮ್ಮನ ಮನೆಗೆ ನಡೆದ.

"ಯವ್ವಾ ಯಂಕಮ್ಮ, ಪಂಪು ತೊಳಿಯದ ಇಡಾಕ ಬರಂಗಿಲ್ಲ. ಎಲ್ಲಿ ತೊಳೀಲಿ ಹೇಳು."

ಅವಳು ಅಂದಿನ ಮಾತು ಎತ್ತಿ ಆಡಲಿಲ್ಲ. ಮರುದಿನ ಗದ್ದೆಯ ಬದುವಿನ ಮೇಲೆ ನಿಂತು ಹೇಳಿದಳು. ಒಂದು ಡ್ರಮ್ಮು ನೀರು ತುಂಬಿಸಿ ಕಾಲುವೆಯಿಂದ ದೂರ ತಂದಿಡಬೇಕು. ಬಾಟಲಿ ಖಾಲಿಯಾದ ಕೂಡಲೇ ಮೂರು ಸಲ ಜಾಲಾಡಿಸಿ ಆ ನೀರನ್ನು ಪಂಪಿಗೇ ಹಾಕಬೇಕು. ಹೊಡೆದಾದ ಮೇಲೆ ಪಂಪಿಗೂ ಮೂರು ಸಲ ಸ್ವಲ್ಪ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಅದೇ ಬೆಳೆಗೆ ಹೊಡೆಯಬೇಕು. ಖಾಲಿ ಬಾಟಲಿಗೆ ತೂತು ಹಾಕಿ, ಮಕ್ಕಳ ಕೈಗೆ ಸಿಗದಂತೆ ಚೀಲಕ್ಕೆ ತುಂಬಬೇಕು.

"ಇಷ್ಟಾ?" ಅಂದ ಹಂಪಣ್ಣ.

"ಇಷ್ಟಾ. ಹತ್ತು ನಿಮಿಷದ ಕೆಲಸ್ರೀ."

ಖಾಲಿ ಡ್ರಮ್ಮನ್ನು ಬೈಕಿಗೆ ಕಟ್ಟಿಕೊಂಡು ಹಂಪಣ್ಣ ಮತ್ತೆ ಅದೇ ದಂಡೆ ಹಿಡಿದ. ಈ ಸಲ ಯಾರನ್ನೂ ಬಯ್ಯಲಿಲ್ಲ. ಮೊದಲು ಸಿಕ್ಕ ಪಂಪಾಪತಿ ತಲೆ ಕೆರೆದುಕೊಂಡ.

"ನಾ ಒಬ್ಬಾಂವ ಬಿಟ್ರ ಏನಾಕೈತಿ ಮಾವಾ? ಉಳಿದೋರು ಬಿಡ್ತಾರೇನು?"

"ನಾ ಬಿಟ್ಟೀನಿ. ನೀ ಬಿಟ್ರ ಇಬ್ರು ಆದ್ವಿ. ಮುಂದಿನ ಹೊಲಕ್ಕ ಇಬ್ರೂ ಕೂಡಿ ಹೋಗೂಣು, ಏಳು ಮ್ಯಾಲೆ."

ಬಸ್ಸಪ್ಪನ ಹೊಲ ಮುಟ್ಟುವ ಹೊತ್ತಿಗೆ ಏಳು ಮಂದಿ ಆಗಿದ್ದರು. ಮುದುಕ ನೋಡಿ ನಕ್ಕ. "ಎಣ್ಣಿ ತೊಳಿಯಾಕ ದಿಬ್ಬಣ ಬಂದಂಗಾತಲ್ಲಪ್ಪ!" ನಕ್ಕರೂ ಪಂಪು ಎತ್ತಿಕೊಂಡು ಬದುವಿಗೆ ನಡೆದ.

ಪರೀಕ್ಷೆಯಿಂದ ಸರಿ ಅಂತ ಬಂದದ್ದು ಆರನೆಯ ದಿನದ ಬೆಳಿಗ್ಗೆ. ಹುಲಿಗೇಶ ಗೇಟು ಎತ್ತಿದ. ಸಂಜೆ ಕಾಲುವೆ ಬಂದ್ ಆಯಿತು.

"ಕೆರಿ ತುಂಬಿತೇನು?" ಶಿವಬಸಮ್ಮ ಕೇಳಿದಳು.

"ಮುಕ್ಕಾಲು."

"ಉಳಿದಿದ್ದು?"

"ಅದನ್ನ ನಾವಾ ಕೆಡಿಸ್ಕೊಂಡ್ವಿ." ಹಂಪಣ್ಣ ತಲೆ ಎತ್ತಿದ. "ಬರೋ ವರ್ಷ ಕೆಡಸಂಗಿಲ್ಲ. ದಂಡಿ ಮ್ಯಾಲೆ ನಾನಾ ನಿಂದರ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನ ಕೆರೆಗೂ ಯಾವುದೋ ಕಾಲುವೆಯ ನೀರೇ ಬರುತ್ತದೆ. ಪಂಪು ಹಿಡಿದು ನೀರಿಗೆ ಇಳಿಯುವ ಮೊದಲು ಒಂದು ಗಳಿಗೆ ನಿಲ್ಲಿ. ನಿಮ್ಮ ಮೇಲಿನ ಹೊಲದವರೆಲ್ಲ ಈಗ ನೀವು ಮಾಡಲಿರುವುದನ್ನೇ ಮಾಡುತ್ತಿದ್ದಾರೆ ಎಂದುಕೊಳ್ಳಿ. ಆಮೇಲೆ ಅದೇ ನೀರನ್ನು ನಿಮ್ಮ ಮನೆಯ ಬಸುರಿಗೆ ಚರಿಗೆಯಲ್ಲಿ ಕೊಡಲು ಕೈ ಬರುತ್ತದೆಯೇ ನೋಡಿ. ಬರದಿದ್ದರೆ ಪಂಪು ಎತ್ತಿಕೊಂಡು ಬದುವಿಗೆ ನಡೆಯಿರಿ. ದಾರಿಯಲ್ಲಿ ಪಕ್ಕದ ಹೊಲದವರನ್ನೂ ಕರೆಯಿರಿ.