ಹದ ಆರುವ ಮುನ್ನ

ಗುಂಡಿಯ ಬದಿ ಮತ್ತೆ ಕುಸಿಯಿತು. ಪಕ್ಕದ ಹೊಲದ ಕುರಿಯವನು ಗುದ್ದಲಿ ಬಿಟ್ಟು ಮೇಲಕ್ಕೆ ಹಾರಿ, ತಲೆಯ ಮೇಲಿನ ಮಣ್ಣು ಕೊಡವಿಕೊಂಡ.

"ಈ ನೆಲ ನಿಮ್ಮಪ್ಪನಿಗೆ ಮಲಗೋಕೂ ಬಿಡಲ್ಲ ಕಣಮ್ಮ."

"ಮೇಲೆ ಒಂದು ಗೇಣು ಹಸಿ, ಕೆಳಗೆ ಬರೀ ಪುಡಿ," ಎಂದಳು ಸತ್ತವನ ಮಗಳು, ಗುಂಡಿಯೊಳಗಿಂದಲೇ. "ಸ್ವಲ್ಪ ನೀರು ಹಾಕಿ, ಬದಿ ನಿಲ್ಲತ್ತೆ."

"ಅಲ್ಲಿ ಬಿತ್ತೋ ಹದ ಆರ್ತಿದೆ, ಇಲ್ಲಿ ಗುಂಡಿಗೆ ನೀರು!"

ಅಂದವನೇ ನಾಲಿಗೆ ಕಚ್ಚಿಕೊಂಡ.

ನಿನ್ನೆ ಬಿದ್ದದ್ದು ವರ್ಷದ ಮೊದಲ ಒಳ್ಳೆ ಮಳೆ. ಈ ಮರಳುಮಣ್ಣು ಗಟಗಟ ಕುಡಿಯುತ್ತದೆ, ಅಷ್ಟೇ ಬೇಗ ಮತ್ತೆ ಬಾಯಾರುತ್ತದೆ. ನಾಳೆಯೊಳಗೆ ಬಿತ್ತದಿದ್ದರೆ ಜೋಳ ಹುಟ್ಟದು. ಸುತ್ತಲ ಹೊಲಗಳಿಗೆಲ್ಲ ಇದ್ದದ್ದು ಒಂದೇ ಟ್ರ್ಯಾಕ್ಟರ್ ಕೂರಿಗೆ. ಅದಕ್ಕೆ ಬೀಜ ತುಂಬುತ್ತಿರುವಾಗಲೇ, ಬೆಳಿಗ್ಗೆ, ಅದರ ಯಜಮಾನ ಕುಸಿದು ಬಿದ್ದಿದ್ದ.

ಯಾರು ಕೂಗಿದರೂ "ಬಂದೆ, ಬಂದೆ" ಎನ್ನುತ್ತಿದ್ದವನಿಗೆ ಬಂದೆ ಎಂದೇ ಹೆಸರಾಗಿತ್ತು. ಮಗಳು ಫೋನಿನಲ್ಲಿ "ಹೋಗಿಬಿಟ್ರು" ಎಂದಾಗ ಕುರಿಯವನು, "ಯಾರ ಹೊಲಕ್ಕೆ? ಇವತ್ತು ನನ್ನ ಸರದಿ!" ಎಂದು ರೇಗಿದ್ದ.

*

ಪ್ರತಿ ವರ್ಷ ಮಳೆ ನಿಂತ ಮೇಲೆ ಬಂದೆಯ ಮನೆಯಲ್ಲಿ ಗಂಡಹೆಂಡಿರ ನಡುವೆ ಇದೇ ಮಾತು.

"ಈ ಸಲ ನಮ್ಮದು ಮೊದಲು."

"ಆಯ್ತು. ಅವರದೊಂದು ಮುಗಿಸಿ ಬಂದೆ."

ಬರುವಷ್ಟರಲ್ಲಿ ಇವರ ಹೊಲ ಒಣಗಿ ಹಪ್ಪಳದಂತೆ ಹೆಕ್ಕಳಿಕೆ ಕಟ್ಟಿರುತ್ತಿತ್ತು. ಪಕ್ಕದ ಪೈರು ಎದೆಮಟ್ಟ ನಿಂತಾಗ ಇವರದು ಅಲ್ಲೊಂದು ಇಲ್ಲೊಂದು. ಬರಿಮೈ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಉಳಿದದ್ದು ಕುರಿಗಳ ಪಾಲು.

"ಬೇಡ ಅಂದ್ರೆ ಅವರ ಮುಖ ನೋಡೋಕಾಗಲ್ಲ ಕಣೆ."

"ನನ್ನ ಮುಖ?"

"ಅದು ಅಭ್ಯಾಸ ಆಗಿದೆ."

*

ಮಣ್ಣು ಮುಚ್ಚಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಕೂರಿಗೆಯ ಸುತ್ತಮುತ್ತ ಸುಮ್ಮನೆ ಸುಳಿದಾಡಿದರು. ಕೊನೆಗೆ ಕುರಿಯವನೇ ಗಂಟಲು ಸರಿಮಾಡಿಕೊಂಡ.

"ಅತ್ತಿಗೆ, ಇದು ಕೇಳೋ ಹೊತ್ತಲ್ಲ..."

"ಕೇಳಬೇಡಿ ಹಾಗಾದ್ರೆ."

"ಅಲ್ಲ, ಅಣ್ಣ ತುಂಬಿದ್ದು ನನ್ನ ಬೀಜ. ಮಗಳಿಗೆ ಓಡಿಸೋಕೆ ಬರತ್ತಲ್ಲ, ಅದಕ್ಕೆ..."

ಬಂದೆಯ ಹೆಂಡತಿ ಎದ್ದಳು. ಮಂಡಿ ಹಿಡಿದುಕೊಂಡು ಕೂರಿಗೆಯ ಹತ್ತಿರ ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಅವನ ಬೀಜವನ್ನು ಎರಡೂ ಕೈಯಲ್ಲಿ ಬಾಚಿ ಬಕೆಟ್ಟಿಗೆ ಹಾಕತೊಡಗಿದಳು.

"ನಮ್ಮದಾದ್ಮೇಲೆ ನಿಮ್ಮದು."

"ಅಣ್ಣ ಇದ್ದಿದ್ರೆ..."

"ಅವರಿದ್ದಿದ್ರೆ ನಂದು ಒಣಗ್ತಿತ್ತು."

ಕುರಿಯವನು ಕಾಳು ಕೆಳಗೆ ಚೆಲ್ಲದಂತೆ ಬಕೆಟ್ಟನ್ನು ಹತ್ತಿರಕ್ಕೆ ಹಿಡಿದ.

ಮಗಳು ತಮ್ಮ ಬೀಜ ತುಂಬಿ, ಮಣ್ಣುಗೈಯಲ್ಲೇ ಟ್ರ್ಯಾಕ್ಟರ್ ಹತ್ತಿದಳು. ಕೂರಿಗೆಯ ಹಲ್ಲು ನೆಲ ಸೀಳಿದಲ್ಲೆಲ್ಲ ಕಪ್ಪು ತೇವ ಮೇಲೆದ್ದಿತು. ಹಿಂದೆ ನಡೆದ ತಾಯಿ, ಸಾಲಿನ ಕೊನೆ ಮುಟ್ಟಿ ತಿರುಗಿ ನೋಡಿದರೆ, ಆಚೆ ತುದಿ ಆಗಲೇ ಬಿಳಿಚಿಕೊಳ್ಳುತ್ತಿತ್ತು.

"ಬೇಗ ಮುಗೀಲಿ," ಎಂದು ಗೊಣಗಿದ ಕುರಿಯವನು ಬಕೆಟ್ ಕೆಳಗಿಟ್ಟ. ಚಪ್ಪಲಿ ಬಿಟ್ಟು ಸಾಲಿಗಿಳಿದು, ತೇವ ಹಾರದಂತೆ ಬೀಜದ ಮೇಲಿನ ಮಣ್ಣನ್ನು ಅಂಗಾಲಿನಿಂದ ಒತ್ತುತ್ತ ನಡೆದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಾವಿಗೆಂದು ಉಟ್ಟು ಬಂದ ಬಟ್ಟೆಯಲ್ಲೇ, ತಲೆ ತಗ್ಗಿಸಿ, ಒಂದೊಂದು ಸಾಲಿಗೆ ಒಬ್ಬೊಬ್ಬರು, ನಿಧಾನವಾಗಿ ಹೊಲದ ತುಂಬ ನಡೆಯುತ್ತಿದ್ದರು.