ಜಾಮೀನು ಹಾಕಿದವಳ ಕಾರು

ದಿವಾಳಿಯಾದ ಮೇಲೆ ಮನುಷ್ಯ ಇಷ್ಟು ಹಗುರಾಗಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿ ಹೋಗಿತ್ತು. ಸಾಲ ಮಾಡಿ ತಂದ ದೊಡ್ಡ ಯಂತ್ರ ಕೆಟ್ಟು, ಗುಜರಿಯವನ ಪಾಲಾಗಿತ್ತು. ಹೆಂಡತಿಯ ಬಳೆಗಳು ಅದಕ್ಕೂ ಮೊದಲೇ ಜಾಗ ಖಾಲಿ ಮಾಡಿದ್ದವು. ಆದರೂ ನ್ಯಾಯಾಧೀಶರು ಸಾಲಗಳಿಂದ ಬಿಡುಗಡೆಯ ಆದೇಶ ಓದಿ ಮುಗಿಸಿದಾಗ ಹೆಗಲ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಕೋರ್ಟಿನ ಮೆಟ್ಟಿಲಿಳಿಯುವಾಗ ವಕೀಲರು, "ಇನ್ನೊಂದು ಮಾತು, ಈ ಜಾಮೀನು ಹಾಕಿದವರ ವಿಷಯ ಇದೆಯಲ್ಲ..." ಎಂದು ಶುರು ಮಾಡುವಷ್ಟರಲ್ಲಿ ಇವನು ಅವರ ಎರಡೂ ಕೈ ಹಿಡಿದು ಕುಲುಕುತ್ತಿದ್ದ. ಯಾರ ಮಾತನ್ನೂ ಕೊನೆಯವರೆಗೆ ಕೇಳುವ ತಾಳ್ಮೆ ಈ ಮಹಾಶಯನಿಗೆ ಹುಟ್ಟಿನಿಂದಲೇ ಇಲ್ಲ. ಅರ್ಧ ವಾಕ್ಯ ಕಿವಿಗೆ ಬಿದ್ದರೆ ಸಾಕು, ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾನೆ, ಅದೂ ತನಗೆ ಬೇಕಾದ ಹಾಗೆ.

ಕೆಲಸಕ್ಕೇನೋ ಒಂದು ದೊಡ್ಡ ಹೋಟೆಲಿನ ಲಾಂಡ್ರಿಗೆ ಸೇರಿಕೊಂಡ. ನೆಲಮಾಳಿಗೆಯಲ್ಲಿ, ಹಬೆಯ ನಡುವೆ, ಇಸ್ತ್ರಿ ಮಾಡುವ ಕಾದ ರೋಲರಿಗೆ ಹಾಸಿಗೆ ಬಟ್ಟೆ ಕೊಡುವ ಕೆಲಸ. ನಿನ್ನೆಯ ಮಾಲೀಕ ಇವತ್ತು ಕೂಲಿಯವ ಎಂಬ ಬೇಸರ ಒಂದಷ್ಟು ದಿನ ಕಾಡಿತು, ಆಮೇಲೆ ಅದೂ ಒಗ್ಗಿಹೋಯಿತು.

ಫೋನುಗಳು ಮಾತ್ರ ನಿಲ್ಲಲಿಲ್ಲ. ಕೋರ್ಟು ಏನು ಹೇಳಿತೆಂಬುದು ವಸೂಲಿಯವರನ್ನು ತಲುಪಲು ಸಮಯ ಬೇಕು, ತಲುಪಿದ ಮೇಲೂ ಕೆಲವರಿಗೆ ಜಾಣಗಿವುಡು. ಹಿಂದೆಲ್ಲ ಫೋನು ಹೊಡೆದುಕೊಂಡರೆ ಇವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಹೊರಗೆ ಹೆಂಡತಿ, "ಊರಲ್ಲಿಲ್ಲ ಸಾರ್" ಎಂದು ಸುಳ್ಳು ಹೇಳಿ ಸಾಕಾಗಿದ್ದಳು. ಈಗ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಇವನೇ ಓಡಿಹೋಗಿ ಫೋನು ತೆಗೆಯುತ್ತಿದ್ದ. "ಕೋರ್ಟಿನ ಆದೇಶ ಇದೆ. ಇನ್ನೊಂದ್ಸಲ ಫೋನ್ ಮಾಡಿದ್ರೆ ನಿಮ್ಮ ಮೇಲೇ ಕೇಸು" ಎಂದು ಒಂದೇ ಉಸಿರಿಗೆ ಹೇಳಿ ಕಟ್ ಮಾಡಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಕಿರುಚುವವನಿಗೆ ಗುಡುಗಪ್ಪ ಎಂದೂ, ಪ್ರತಿ ಮಾತಿಗೂ ಗಂಟಲು ಸರಿಮಾಡಿಕೊಳ್ಳುವವನಿಗೆ ಕೆಮ್ಮಣ್ಣ ಎಂದೂ ಹೆಸರಿಟ್ಟ. ಇವರೆಲ್ಲ ಒಬ್ಬೊಬ್ಬರಾಗಿ ತೆಪ್ಪಗಾದರು. ಬಿಡದೆ ಮಾಡುತ್ತಿದ್ದವಳು, ಜೇನುಬಾಯಿ ಎಂದು ಇವನು ಹೆಸರಿಟ್ಟವಳು, ಒಬ್ಬಳೇ. ಮೆತ್ತಗಿನ ದನಿಯಲ್ಲಿ, "ಸರ್, ನಾನು ಹಣ ಕೇಳೋಕೆ ಮಾಡಿಲ್ಲ, ಒಂದೇ ನಿಮಿಷ..." ಎನ್ನುತ್ತಿದ್ದಳು. ಹಣ ಕೇಳದ ವಸೂಲಿಯವಳು ಅಂದರೆ ಮೀನು ತಿನ್ನದ ಬೆಕ್ಕು ಅಂದ ಹಾಗೆ ಎಂದು ಇವನಿಗೆ ನಗು. ಕಟ್.

ಭಾನುವಾರದ ಊಟ ಅಕ್ಕನ ಮನೆಯಲ್ಲಿ. ಅಕ್ಕ ಡ್ರೈವಿಂಗ್ ಹೇಳಿಕೊಡುವವಳು. ಭಾವ ತೀರಿಕೊಂಡ ಮೇಲೆ ಒಂದು ಸಣ್ಣ ಕಾರು ಕೊಂಡು, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಹಾಕಿಸಿ, ಅದರಲ್ಲೇ ಮಗಳನ್ನು ಓದಿಸಿ ಮದುವೆ ಮಾಡಿದವಳು. ಕಲಿಯುವವರು ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ತಮ್ಮನ ಯಂತ್ರದ ಸಾಲಕ್ಕೆ ಜಾಮೀನು ಬೇಕಾದಾಗ ಅವಳು ಎರಡು ಪಾಠಗಳ ನಡುವೆ, ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಮಾಡಿದ್ದಳು. ಅಡವಿಡಲು ಕಾರಿನ ದಾಖಲೆಯನ್ನೂ ಕೊಟ್ಟಿದ್ದಳು. "ಊರ ಕೊಳೆ ತೆಗೀತೀನಿ ಅಂತ ಹೊರಟಿದೀಯ, ನಾನ್ಯಾಕೆ ಅಡ್ಡ ಬರ್ಲಿ" ಎಂದು ಪೆನ್ನಿನ ಮುಚ್ಚಳ ಹಾಕಿ ಕೊಟ್ಟಿದ್ದಳು.

ಕೋರ್ಟಿನ ಆದೇಶವಾದ ಮೇಲಿನ ಮೊದಲ ಭಾನುವಾರ ಅವಳೇ ಕೇಳಿದ್ದಳು. "ನನ್ನ ಸೈನಿನ ಕತೆ ಏನೋ?"

"ಸಾಲಾನೇ ಇಲ್ಲ ಅಂದ್ಮೇಲೆ ಸೈನಿಗೇನು ಕೆಲ್ಸ ಅಕ್ಕ? ಎಲ್ಲಾ ಅಳಿಸಿಹೋಯ್ತು."

ತೀರ್ಪು ಕೊಟ್ಟವನು ತಾನೇ ಎಂಬ ಗತ್ತಿನಲ್ಲಿ ಹೇಳಿದ್ದ. ಅಕ್ಕ ನಂಬಿದಳು. ತಮ್ಮನ ಮಾತು ನಂಬದೆ ಇರುವ ಅಭ್ಯಾಸ ಅವಳಿಗೆ ಇರಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಅವನು ಗುಡುಗಪ್ಪನ ಹಾಗೆ ಗುಡುಗಿ, ಕೆಮ್ಮಣ್ಣನ ಹಾಗೆ ಕೆಮ್ಮಿ, ಜೇನುಬಾಯಿಯ ಹಾಗೆ ಕಣ್ಣು ಅರ್ಧ ಮುಚ್ಚಿ "ಒಂದೇ ನಿಮಿಷ ಸರ್" ಎಂದು ನಟಿಸಿ ತೋರಿಸುತ್ತಿದ್ದ. ಅಕ್ಕ ನೀರು ಕುಡಿಯುತ್ತಿದ್ದವಳು ನೆತ್ತಿಗೇರಿಸಿಕೊಂಡು ನಗುತ್ತಿದ್ದಳು.

"ಇವರದ್ದೆಲ್ಲ ಬರೀ ಬೊಗಳೆ. ನಿನಗೂ ಯಾರಾದ್ರೂ ಮಾಡಿದ್ರೆ ಬಾಯಿ ತೆಗೆಯೋಕೇ ಬಿಡ್ಬೇಡ. ಕಾಗದ ಬಂದ್ರೂ ತಗೋಬೇಡ, ವಾಪಸ್ ಕಳ್ಸು" ಎಂದು ಅವಳಿಗೂ ವಿದ್ಯೆ ಧಾರೆಯೆರೆದ.

ಒಂದು ಮಧ್ಯಾಹ್ನ ಲಾಂಡ್ರಿಗೆ ಒಬ್ಬ ಹೆಂಗಸು ಇಳಿದು ಬಂದಳು. ಗಿಡ್ಡ ದೇಹ, ಸವೆದ ಚಪ್ಪಲಿ. ಹಬೆಗೆ ಕನ್ನಡಕ ಮಂಜಾಗಿ, ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ನಿಂತಳು. "ಸರ್, ಒಂದೇ ನಿಮಿಷ" ಎಂದಾಗ ಇವನಿಗೆ ದನಿ ಗುರುತು ಸಿಕ್ಕಿತು. ಕಟ್ ಮಾಡಲು ಫೋನಿಲ್ಲ. ಬಿಟ್ಟು ಹೋಗುವಂತೆಯೂ ಇಲ್ಲ, ರೋಲರಿಗೆ ಬಟ್ಟೆ ಕೊಟ್ಟಾಗಿದೆ, ಎರಡೂ ಕೈ ಅದರ ಅಂಚು ಹಿಡಿದಿವೆ.

"ಕೋರ್ಟಿನ ಆದೇಶ..." ಎಂದು ಶುರು ಮಾಡಿದ.

"ನೀವು ಒಂದು ಕಾಸೂ ಕೊಡ್ಬೇಕಾಗಿಲ್ಲ ಸರ್, ಅದು ನಮಗೂ ಗೊತ್ತು. ಇನ್ನು ಕೊಡ್ಬೇಕಾಗಿರೋದು ನಿಮ್ಮಕ್ಕ. ನಿಮಗೆ ಬಿಡುಗಡೆ ಆದ್ರೂ ಜಾಮೀನಿಗೆ ನಿಂತವರಿಗೆ ಆಗಲ್ಲ. ಇದನ್ನ ಹೇಳೋಕೇ ನಾನು ಇಷ್ಟು ದಿನ ಫೋನ್ ಮಾಡಿದ್ದು."

ಬಟ್ಟೆ ಸೊಟ್ಟಗೆ ಸರಿಯತೊಡಗಿತು. ಅವನು ಎಳೆದು ನೇರ ಮಾಡಲಿಲ್ಲ.

"ಜಾಮೀನುದಾರರಿಗೆ ಬಡ್ಡಿ ಬಿಟ್ಟು, ಸಣ್ಣ ಸಣ್ಣ ಕಂತು ಮಾಡಿಕೊಡೋ ಅವಕಾಶ ಇತ್ತು. ಅವರಿಗೂ ಫೋನ್ ಮಾಡಿದೆ. 'ನನ್ನ ತಮ್ಮ ಎಲ್ಲಾ ಹೇಳಿದಾನೆ, ನಿಮ್ಮದೆಲ್ಲ ಬೊಗಳೆ' ಅಂದು ಇಟ್ಬಿಟ್ರು. ಕಾಗದ ಕಳಿಸಿದ್ರೆ ವಾಪಸ್ ಬಂತು. ಗಡುವು ಮುಗ್ದು ಹೋಯ್ತು ಸರ್. ನಾಳೆ ಬೆಳಿಗ್ಗೆ ಕಾರು ತಗೊಂಡು ಹೋಗೋಕೆ ಬರ್ತಾರೆ."

"ಮತ್ತೆ ನೀವ್ಯಾಕೆ ಬಂದ್ರಿ?"

"ಹೇಳದೆ ಕೇಳದೆ ಒಬ್ಬ ಹೆಂಗಸಿನ ಅನ್ನದ ದಾರಿ ತಗೊಂಡು ಹೋಗೋದು ನನಗೆ ಸರಿಬರಲ್ಲ. ನಾನು ಬಂದಿದ್ದು ಆಫೀಸಿನವರಿಗೆ ಹೇಳ್ಬೇಡಿ" ಎಂದು ಅವಳು ಬಂದ ಮೆಟ್ಟಿಲನ್ನೇ ಹತ್ತಿ ಹೋದಳು. ಬಟ್ಟೆ ಮಡಿಚಿಕೊಂಡು ರೋಲರಿನೊಳಗೆ ಸಿಕ್ಕಿಬಿತ್ತು, ಸುಟ್ಟ ವಾಸನೆ ಹಬ್ಬಿತು. ಮೇಸ್ತ್ರಿ ಕೂಗಾಡಿದ್ದು ಇವನಿಗೆ ಕೇಳಿಸಿದರೂ ತಲೆಗೆ ಹೋಗಲಿಲ್ಲ.

ಹೊರಗೆ ಬಂದು ಆ ಕಚೇರಿಗೆ ತಾನೇ ಫೋನು ಮಾಡಿದ. ಜೀವನದಲ್ಲಿ ಮೊದಲ ಸಲ ವಸೂಲಿಯವರ ಹತ್ತಿರ ಮಾತಾಡಲು ಹಪಹಪಿಸಿದ. ತಾನು ತೀರಿಸುತ್ತೇನೆ, ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಗೋಗರೆದ. ಆ ಕಡೆಯವನು, "ನಿಮ್ಮ ಹೆಸರಲ್ಲಿ ನಮಗೆ ಬರ್ಬೇಕಾದ್ದು ಏನೂ ಇಲ್ಲ. ನಿಮ್ಮ ಹತ್ರ ಮಾತಾಡಿದ್ರೆ ನಮ್ಮ ಮೇಲೇ ಕೇಸಾಗುತ್ತೆ" ಎಂದು ಇಟ್ಟುಬಿಟ್ಟ.

ಅಕ್ಕ ಪಾಠದಲ್ಲಿದ್ದಳು. ಕಾರು ರಸ್ತೆಯ ಬದಿಯಲ್ಲಿ ಉಸಿರು ಕಟ್ಟಿದಂತೆ ನಿಂತು ನಿಂತು ಸಾಗುತ್ತಿತ್ತು. ಇವನು ಕೈ ಅಡ್ಡ ಹಿಡಿದು ನಿಲ್ಲಿಸಿ ಹಿಂದಿನ ಸೀಟಿಗೆ ಹತ್ತಿದ. ಸ್ಟೀರಿಂಗ್ ಹಿಡಿದಿದ್ದವರು ಹಲ್ಲು ನೋಡುವ ಒಬ್ಬ ದಪ್ಪನೆಯ ಡಾಕ್ಟರು, ಬೆವರಿ ಮುದ್ದೆಯಾಗಿದ್ದರು.

"ಏನೋ, ಕೆಲ್ಸದ ಹೊತ್ತಲ್ಲಿ?" ಎಂದಳು ಅಕ್ಕ.

"ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳು. ಡಾಕ್ಟ್ರು ಪ್ರಾಣಭಯದಲ್ಲಿದಾರೆ, ಅವರಿಗೇನೂ ಕೇಳ್ಸಲ್ಲ."

ಅವನು ಹೇಳಿದ. ಮುಚ್ಚಿಡದೆ, ಅಂದಗಾಣಿಸದೆ, ವಕೀಲರ ಅರ್ಧ ಮಾತಿನಿಂದ ಹಿಡಿದು ನಾಳೆ ಬರುವವರ ತನಕ. ಅಕ್ಕನ ಕಾಲು ಬ್ರೇಕಿನ ಮೇಲೆ ಬಿತ್ತು, ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಗಾಡಿಗಳು ಹಾರನ್ ಬಾರಿಸತೊಡಗಿದವು. ಡಾಕ್ಟರು, "ನಾನೇನೂ ಮಾಡಿಲ್ಲ ಮೇಡಂ" ಎಂದರು.

"ನೀವಲ್ಲ, ನಾನೇ" ಎಂದಳು ಅಕ್ಕ. ಕನ್ನಡಿಯಲ್ಲಿ ತಮ್ಮನನ್ನು ನೋಡಿದಳು. "ಆ ಹೆಂಗಸಿಗೆ ನಾನು ಬೈದೆ ಕಣೋ. ನೀನು ಹೇಳ್ಕೊಟ್ಟ ಹಾಗೇ ಬೈದೆ. ಅವಳು ಅಷ್ಟು ಮೆತ್ತಗೆ ಮಾತಾಡ್ತಿದ್ಲು."

ಮತ್ತೆ ಡಾಕ್ಟರ ಕಡೆ ತಿರುಗಿ, "ಕ್ಲಚ್ ಒತ್ತಿ, ಫಸ್ಟ್ ಗೇರ್ ಹಾಕಿ" ಎಂದಳು. ಪಾಠದ ಹೊತ್ತು ಮುಗಿಯುವವರೆಗೂ ಒಂದು ತಿರುವು ಬಿಡದೆ ಕಲಿಸಿದಳು. ಹಿಂದೆ ಕೂತವನಿಗೆ, ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು.

ಬೆಳಿಗ್ಗೆ ಬಂದವನು ಎರಡು ಬ್ರೇಕಿನ ಕಾರು ನೋಡಿ ತಬ್ಬಿಬ್ಬಾದ. ಅಕ್ಕ ಅವನ ಕೈಗೆ ಬೀಗದ ಕೈ ಕೊಡಲಿಲ್ಲ. "ನಾನೇ ತಂದು ಬಿಡ್ತೀನಿ, ನೀನು ಹಿಂದೆ ಕೂತ್ಕೊಳಪ್ಪ" ಎಂದಳು. ತಮ್ಮನಿಗೆ ಪಕ್ಕದ ಸೀಟು ತೋರಿಸಿದಳು. ಅದು ಅವಳು ದಿನವಿಡೀ ಕೂರುತ್ತಿದ್ದ ಜಾಗ. ಕಾಲ ಬಳಿಯ ಬ್ರೇಕಿಗೆ ತಾಗದಂತೆ ಅವನು ಪಾದ ಎಳೆದುಕೊಂಡು ಕೂತ.

"ಅಕ್ಕ, ನಾನು ಹೇಗಾದ್ರೂ ಮಾಡಿ..."

"ಸುಮ್ನಿರು. ಒಂದ್ಸಲವಾದ್ರೂ ಪೂರ್ತಿ ಕೇಳು." ಅವಳು ಗೇರು ಬದಲಾಯಿಸಿದಳು. "ಕಾರು ಹೋಗ್ತಿರೋದಕ್ಕೆ ಹೊಟ್ಟೆ ಉರಿಯುತ್ತೆ. ಇಲ್ಲ ಅನ್ನಲ್ಲ. ಈ ವಯಸ್ಸಲ್ಲಿ ಯಾರ ಕೈಕೆಳಗೆ ಹೋಗಿ ಕೆಲ್ಸ ಕೇಳ್ಲಿ? ಆದ್ರೆ ನಿನ್ನ ಜೊತೆ ಕೂತ್ಕೊಂಡು ಆ ಹೆಂಗಸಿನ ದನಿ ಕೇಳಿ ನಕ್ಕೆನಲ್ಲ, ಅದಕ್ಕೆ ಇನ್ನೂ ಉರಿಯುತ್ತೆ. ಅವಳು ನನ್ನ ಒಳ್ಳೇದಕ್ಕೆ ಒದ್ದಾಡ್ತಿದ್ಲು, ನಾನು ನಗ್ತಿದ್ದೆ. ನಿನ್ನ ಮಾತು ನಂಬಿ ನಗ್ತಿದ್ದೆ."

ಅವನು ಪೂರ್ತಿ ಕೇಳಿದ. ಮಾತು ಮುಗಿದಿತ್ತು, ತುಂಬಿಕೊಳ್ಳಲು ಏನೂ ಉಳಿದಿರಲಿಲ್ಲ. ತಾನು ಎಂಥ ಮೂರ್ಖ, ಎಂಥ ಬಾಯಿಬಡುಕ ಎಂದು ಅವನಿಗೆ ಅಳು ಬಂತು. ಹಿಂದೆ ಕೂತ ವಸೂಲಿಯವನು ಕಿಟಕಿಯಾಚೆ ನೋಡುತ್ತಿದ್ದ.

ಜಪ್ತಿ ಮಾಡಿದ ಗಾಡಿಗಳ ಅಂಗಳದಲ್ಲಿ ಧೂಳು ಹಿಡಿದ ಕಾರುಗಳು ಸಾಲಾಗಿ ನಿಂತಿದ್ದವು. ಅಕ್ಕ ತನ್ನದನ್ನು ಎರಡು ಕಾರುಗಳ ನಡುವಿನ ಇಕ್ಕಟ್ಟಿಗೆ ಒಂದೇ ಸಲಕ್ಕೆ ಹಿಮ್ಮುಖವಾಗಿ ಸೇರಿಸಿದಳು. ಗುಮಾಸ್ತ ಕಾಗದ ಮುಂದಿಟ್ಟ. ಪೆನ್ನಿಗೆ ತಮ್ಮನೇ ಮೊದಲು ಕೈ ಹಾಕಿದ.

"ನಿಮ್ಮ ಸೈನ್ ಬೇಡ. ನೀವು ಇವರಿಗೆ ಏನಾಗ್ಬೇಕು?" ಎಂದ ಗುಮಾಸ್ತ.

ಅವನು ಅಕ್ಕನ ಕಡೆ ನೋಡಿದ. ಶಾಲೆಯಲ್ಲಿ, ಬೀದಿಯಲ್ಲಿ, ಮದುವೆಮನೆಗಳಲ್ಲಿ, ಯಾರು ಕೇಳಿದರೂ ಇವನಿಗಿಂತ ಮೊದಲು 'ನನ್ನ ತಮ್ಮ' ಎಂದು ಉತ್ತರ ಕೊಡುತ್ತಿದ್ದವಳು ಅವಳೇ. ಅಕ್ಕ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

"ಸಾಲ ತಗೊಂಡವನು" ಎಂದಳು, ತಲೆ ಎತ್ತದೆ. "ಇವನದ್ದೇನೂ ಬಾಕಿ ಇಲ್ಲ."

ಅಂಗಳದ ಹೊರಗೆ ಬಸ್ಸು ನಿಂತಿತ್ತು. ಅಕ್ಕ ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ, ಕಂಬಿ ಹಿಡಿಯಲು ತಡಕಾಡಿದಳು. ಅವನು ಹಿಂದೆಯೇ ಹತ್ತಿ, ಅವಳ ತೋಳಿಗೆ ಆಸರೆಯಾಗಲು ಹೋಗಿ, ಧೈರ್ಯ ಸಾಲದೆ ಕೈ ಹಿಂದಕ್ಕೆಳೆದುಕೊಂಡ. ಕಂಡಕ್ಟರು ಹತ್ತಿರ ಬಂದು ಎಷ್ಟು ಜನ ಎಂದು ಕೇಳಿದ. ಅಕ್ಕ ಒಂದೇ ಟಿಕೆಟ್ ತೆಗೆದುಕೊಂಡಳು.