ಅತ್ತೆ ಬಣ್ಣ ಬಳಿದ ಗೋಡೆ

ನನಗೆ ಕೋಪ ಮೂಗಿನ ತುದೀಲೇ ಇರೋದು, ಮೊದಲೇ ಹೇಳಿಬಿಡ್ತೀನಿ. ಆದರೂ ಅವತ್ತು ಅತ್ತೆ ಮೇಲೆ ಕೂಗಾಡಿದ್ದು ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತೆ.

ನಮ್ಮದು ಸರ್ಕಾರಿ ವಸತಿ ಕಟ್ಟಡದ ನೆಲಮಹಡಿ. ಒಂದು ರೂಮು, ಒಂದು ಅಡುಗೆಮನೆ. ಅತ್ತೆ ಮಲಗೋ ಮಂಚದ ಹಿಂದಿನ ಗೋಡೆಯೊಳಗೆ ಎಲ್ಲೋ ಪೈಪು ಒಡೆದು ವರ್ಷಗಳಿಂದ ನೀರು ಜಿನುಗ್ತಿತ್ತು. ನೆಲದಿಂದ ಎದೆಮಟ್ಟಕ್ಕೆ ಕಪ್ಪು ಬೂಷ್ಟು. ಆಸ್ಪತ್ರೆ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದು ಮತ್ತೆ ಈ ಗೋಡೆ ತಿಕ್ಕೋಳು ನಾನು. ಎರಡೇ ದಿನ, ಬೂಷ್ಟು ಮತ್ತೆ ಹಾಜರ್! ಅತ್ತೆಗೆ ಉಬ್ಬಸ. ಒಂದೇ ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿದರು. ಅಲ್ಲಿ ನಾಲ್ಕು ದಿನಕ್ಕೆ ಗುಂಡುಕಲ್ಲಿನ ಹಾಗಾಗೋರು, ಮನೆಗೆ ಬಂದ ವಾರಕ್ಕೆ ಎದೆ ಮತ್ತೆ ಸಿಳ್ಳೆ ಹಾಕೋದು.

ನಮ್ಮ ಬೀದಿಗೆ ಬರೋ ನರ್ಸಮ್ಮ ಒಂದು ದಿನ ತಮ್ಮ ಪುಸ್ತಕ ಬಿಡಿಸಿ ತೋರಿಸಿದರು. ಕಟ್ಟಡದ ಈ ಪಕ್ಕದ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಮನೆಗೆ ಇದೇ ಉಬ್ಬಸದ ಔಷಧಿ. ಬಿಸಿಲು ಬೀಳೋ ಆ ಪಕ್ಕದಲ್ಲಿ ಒಂದೇ ಮನೆಗೆ. "ನಾನೆಷ್ಟು ಔಷಧಿ ಕೊಟ್ಟರೂ ಗೋಡೆ ಒಣಗದೆ ಇವರ ಎದೆ ಸರಿಹೋಗಲ್ಲ ಕಣಮ್ಮ" ಅಂದರು. ವಸತಿ ಇಲಾಖೆಯ ಇನ್‌ಸ್ಪೆಕ್ಟರ್ ಬಂದು 'ಗೋಡೆ ತೇವ' ಅಂತ ಬರೆದರೆ ಪೈಪು ಬದಲಾಯಿಸಲೇಬೇಕು, ಅಲ್ಲೀತನಕ ನಮಗೆ ಬೇರೆ ಮನೆ ಕೊಡಲೇಬೇಕು, ಹಾಗಂತ ನಿಯಮ ಇದೆಯಂತೆ. ಅರ್ಜಿಯನ್ನೂ ಅವರೇ ಬರೆದುಕೊಟ್ಟರು.

ಇನ್‌ಸ್ಪೆಕ್ಟರ್ ಬರೋ ದಿನ ನನಗೆ ಬೆಳಗಿನ ಪಾಳಿ. "ಗೋಡೆ ಮುಟ್ಟಬೇಡಿ ಅತ್ತೆ" ಅಂತ ಹತ್ತು ಸಲ ಹೇಳಿ ಹೋದೆ. ಮಧ್ಯಾಹ್ನ ಬಂದು ನೋಡ್ತೀನಿ, ಗೋಡೆ ಫಳಫಳ! ಮೇಲಿನ ಮನೆಯಲ್ಲಿ ಉಳಿದಿದ್ದ ಬಣ್ಣ ಬೇಡಿ ತಂದು ಎರಡು ಕೈ ಬಳಿದಿದ್ದಾರೆ. ಸಾಲದ್ದಕ್ಕೆ ನಮ್ಮ ಸಾಲಿನ ಅರ್ಧ ಮನೆಗಳಲ್ಲೂ ಇದೇ ಕಥೆ. ಸಾಹೇಬರು ಬರ್ತಾರೆ ಅಂತ ಎಲ್ಲರೂ ಮನೆ ಸಿಂಗಾರ ಮಾಡಿ ಕೂತಿದ್ದರು! ಆ ಮನುಷ್ಯ 'ಗೋಡೆ ಸುಸ್ಥಿತಿಯಲ್ಲಿದೆ' ಅಂತ ಬರೆದು ಹೊರಟುಹೋಗಿದ್ದ.

"ನಿಮಗೆ ಬುದ್ಧಿ ಗಿದ್ಧಿ ಇದೆಯಾ? ಹೀಗೇ ಸತ್ತುಹೋಗ್ತೀರಿ!" ಅಂದುಬಿಟ್ಟೆ. ಅತ್ತೆ ಉಗುರಿಗೆ ಮೆತ್ತಿದ್ದ ಬಣ್ಣ ಕೆರೆಯುತ್ತಾ ಕೂತರು.

ಅದೇ ವಾರ ನಾಲ್ಕನೇ ಸಲ ಆಸ್ಪತ್ರೆ. ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದ್ದರು. ಅವರ ಕೈ ಹಿಡಿದುಕೊಂಡು, ನನ್ನ ನಾಲಿಗೆಗೆ ಬೆಂಕಿ ಬೀಳಲಿ ಅಂತ ಗೊಳೋ ಅಂದೆ. ಇನ್ನೊಂದು ಸಲ ಹೀಗಾದರೆ ತಡೆಯೋದು ಕಷ್ಟ ಅಂದಿದ್ದರು ಡಾಕ್ಟರು.

ನರ್ಸಮ್ಮ ಓಡಾಡಿ ಇನ್ನೊಂದೇ ಒಂದು ಸಲ ತಪಾಸಣೆ ಮಾಡಿಸಿದರು. ಅಷ್ಟರಲ್ಲಿ ಬಣ್ಣ ಉಬ್ಬಿ ಉದುರಿ, ಬೂಷ್ಟು ಮೊದಲಿನಂತೆ ಎದ್ದಿತ್ತು. ನಾನು ರಜೆ ಹಾಕಿ ಕಾವಲು ಕೂತೆ. ಇನ್‌ಸ್ಪೆಕ್ಟರ್ ಫೈಲು ಹಿಡಿದು ಒಳಗೆ ಬಂದದ್ದೇ ತಡ, ಅತ್ತೆ ಮಂಚದಿಂದ ಎದ್ದು, ಹೊದ್ದಿದ್ದ ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಗೋಡೆಗೆ ಅಡ್ಡ ನಿಂತರು.

"ಸ್ವಲ್ಪ ಸರೀರಿ ಅಜ್ಜಿ."

ಅತ್ತೆ ಅಲ್ಲಾಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಬಾಯಿ ತೆಗೆಯೋಕೆ ಮೊದಲು ಅವರ ಎದೆ ಸಿಳ್ಳೆ ಹಾಕೋದು ಕೇಳಿಸಿತು.

"ಯಾಕತ್ತೆ?" ಅಂದೆ, ಮೆತ್ತಗೆ.

ಅವರು ನನ್ನ ಕಡೆ ತಿರುಗಲಿಲ್ಲ. "ಸಾಹೇಬರೇ, ಮೊದಲು ಒಂದು ಮಾತು ಬರ್ಕೊಳ್ಳಿ," ಅಂತ ಉಸಿರು ಎಳೆದುಕೊಂಡು ಹೇಳಿದರು. "ನನ್ನ ಸೊಸೆ ಕೊಳಕಿ ಅಲ್ಲ. ದುಡಿದು ಬಂದು ಈ ಗೋಡೆ ತಿಕ್ತಾಳೆ. ನೋಡಿದೋರು ಅವಳನ್ನ ಆಡ್ಕೋಬಾರದು ಅಂತ ಅವತ್ತು ಬಣ್ಣ ಬಳಿದೆ."

ಇನ್‌ಸ್ಪೆಕ್ಟರ್ ತಲೆ ಬಗ್ಗಿಸಿ ಬರೆದರು.

"ಓದಿ" ಅಂದರು ಅತ್ತೆ.

"ಸೊಸೆ ಮನೆಯನ್ನು ಬಹಳ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ."

ಆಮೇಲೇ ಅತ್ತೆ ಶಾಲು ಇಳಿಸಿ ಪಕ್ಕಕ್ಕೆ ಸರಿದರು.